ಮೂರು ಪರದೆ, ಒಂದೇ ನೆಲೆ

ಒಂದು ಲ್ಯಾಪ್‌ಟಾಪ್, ಒಂದು ಟ್ಯಾಬ್, ತಲೆಗೊಂದು ಫೋನ್ ಇರುವ ಮನೆ ನಮ್ಮ ಪಟ್ಟಣಗಳಲ್ಲಿ ಈಗ ಅಪರೂಪವಲ್ಲ. ಮಗಳು ಎಂಜಿನಿಯರಿಂಗ್ ಸೇರಿದಾಗ ಲ್ಯಾಪ್‌ಟಾಪ್ ಬಂದಿರುತ್ತದೆ. ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕೆಂದು ಟ್ಯಾಬ್ ಬಂದಿರುತ್ತದೆ. 2021ರಲ್ಲಿ ರಾಜ್ಯ ಸರ್ಕಾರವೇ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತ್ತು. ಒಂದೊಂದೂ ಅದರದರ ಅಗತ್ಯಕ್ಕೆ ಮನೆ ಸೇರಿದ್ದು. ಎಲ್ಲವೂ ಕೂಡಿ ಹೇಗೆ ಕೆಲಸ ಮಾಡಬೇಕು ಎಂದು ಯಾರೂ ಕೂತು ಯೋಚಿಸಿದ್ದಲ್ಲ. ಅದರ ಪರಿಣಾಮ ಗೊತ್ತಾಗುವುದು ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗ. ಆದಾಯ ಪ್ರಮಾಣಪತ್ರದ ಪಿಡಿಎಫ್ ಅಪ್ಪನ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲೋ ಮೇಲೆ ಹೋಗಿಬಿಟ್ಟಿದೆ. ಅಂಕಪಟ್ಟಿಯ ಸ್ಕ್ಯಾನ್ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮೂರು ಹೆಸರಿನಲ್ಲಿದೆ, ಮೂರರಲ್ಲಿ ಸ್ಪಷ್ಟವಾದದ್ದು ಯಾವುದೆಂದು ತೆರೆದು ನೋಡದೆ ತಿಳಿಯದು. ಫೋಟೊ ಅಮ್ಮನ ಫೋನಿನಲ್ಲಿದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಳಿಸಿ ಮುಗಿಯುವಷ್ಟರಲ್ಲಿ ಒಂದೇ ಕಾಗದದ ಏಳೆಂಟು ಪ್ರತಿಗಳು ಹುಟ್ಟಿಕೊಂಡಿರುತ್ತವೆ. ಮುಂದಿನ ವರ್ಷ ಹುಡುಕಾಟ ಇನ್ನಷ್ಟು ಕಷ್ಟವಾಗುತ್ತದೆ.

ಈ ಗೊಂದಲಕ್ಕೆ ಅಂಗಡಿಯವರು, ಜಾಹೀರಾತುಗಳು, ಯೂಟ್ಯೂಬಿನ ಸಲಹೆಗಾರರು ಸೂಚಿಸುವ ಪರಿಹಾರ ಒಂದೇ: ಇನ್ನಷ್ಟು ಜೋಡಿಸಿ. ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಟ್ಯಾಬನ್ನು ಎರಡನೇ ಪರದೆ ಮಾಡಿಕೊಳ್ಳಿ, ಎಲ್ಲ ಕಡೆ ಎಲ್ಲವೂ ಬರುವಂತೆ ಮಾಡಿ. ಜೋಡಣೆ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅದು ಎರಡನೆಯ ಹೆಜ್ಜೆ. ಮೊದಲು ಆಗಬೇಕಾದ ತೀರ್ಮಾನ ಒಂದಿದೆ: ಯಾವ ಬಗೆಯ ಮಾಹಿತಿಗೆ ನೆಲೆ ಎಲ್ಲಿ? ಒಂದು ಬಗೆಯ ಮಾಹಿತಿಗೆ ಒಂದೇ ನೆಲೆ ಇರಬೇಕು, ಸಾಧನಗಳು ಆ ನೆಲೆಗೆ ತೆರೆದ ಬಾಗಿಲುಗಳಾಗಬೇಕು. ಈ ತೀರ್ಮಾನ ಮಾಡದೆ ಎಷ್ಟು ಜೋಡಿಸಿದರೂ ಪ್ರತಿಗಳು ಹೆಚ್ಚುತ್ತವೆ, ಭರವಸೆ ಹೆಚ್ಚುವುದಿಲ್ಲ. ಇದಕ್ಕೆ ದುಡ್ಡು ಬೇಕಿಲ್ಲ, ತಾಂತ್ರಿಕ ಪಾಂಡಿತ್ಯವೂ ಬೇಕಿಲ್ಲ.

ಈ ವಿಚಾರ ನನ್ನದೇನಲ್ಲ. ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಮಾರ್ಕ್ ವೈಸರ್ ಎಂಬ ವಿಜ್ಞಾನಿ ಇದ್ದರು. 1991ರ ಸೆಪ್ಟೆಂಬರ್‌ನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರು ಇಪ್ಪತ್ತೊಂದನೇ ಶತಮಾನದ ಕಂಪ್ಯೂಟರ್ ಹೇಗಿರುತ್ತದೆ ಎಂದು ಬರೆದರು. ಮೂರು ಅಳತೆಯ ಯಂತ್ರಗಳನ್ನು ಅವರು ಕಂಡಿದ್ದರು: ಅಂಗುಲದ ಲೆಕ್ಕದ್ದು, ಅಡಿಯ ಲೆಕ್ಕದ್ದು, ಗಜದ ಲೆಕ್ಕದ್ದು. ಮೊದಲನೆಯದು ಇಂದಿನ ಫೋನಿಗೆ ಹತ್ತಿರ, ಎರಡನೆಯದು ಟ್ಯಾಬಿಗೆ, ಮೂರನೆಯದು ಗೋಡೆಯ ಮೇಲಿನ ಪರದೆಗೆ. ಅಡಿಯಳತೆಯ ಯಂತ್ರದ ಬಗ್ಗೆ ಅವರು ಹೇಳಿದ ಮಾತು ಇವತ್ತಿಗೂ ಗಮನಿಸುವಂಥದ್ದು. ಅದು ಯಾರದೂ ಸ್ವಂತದ್ದಾಗಿರಬೇಕಿಲ್ಲ, ಮೇಜಿನ ಮೇಲೆ ಬಿದ್ದಿರುವ ಚೀಟಿಯ ಕಾಗದದಂತೆ ಯಾರು ಬೇಕಾದರೂ ಎತ್ತಿಕೊಂಡು ಬಳಸಿ ಇಟ್ಟುಬಿಡುವಂತಿರಬೇಕು, ಯಂತ್ರಕ್ಕೇ ಒಂದು ಪ್ರತ್ಯೇಕ ಗುರುತು ಇರಬಾರದು ಎಂಬುದು ಅವರ ನಿಲುವು. ಕೆಲಸ ಮನುಷ್ಯನ ಹಿಂದೆ ಹೋಗಬೇಕು; ಕೆಲಸ ಇರುವ ಯಂತ್ರವನ್ನು ಹುಡುಕಿಕೊಂಡು ಮನುಷ್ಯ ಹೋಗುವಂತಾಗಬಾರದು.

ಇದೇ ತಿಳಿವಳಿಕೆ ಬೆಂಗಳೂರಿನಲ್ಲೂ ಒಂದು ರೂಪ ಪಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಜನರೆದುರು ಬಂತು. ಅಂಗೈ ಗಾತ್ರದ ಈ ಕಂಪ್ಯೂಟರನ್ನು ಒಬ್ಬೊಬ್ಬರು ಕೊಳ್ಳಲಾರರು, ಒಂದು ಊರಿನ ಹಲವರು ಹಂಚಿಕೊಂಡು ಬಳಸಬೇಕಾದೀತು ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಾಗಿ ಅದರಲ್ಲಿ ಸ್ಮಾರ್ಟ್ ಕಾರ್ಡಿಗೆ ಜಾಗ ಕೊಟ್ಟರು. ಒಬ್ಬೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ. ಕಾರ್ಡು ಹಾಕಿದರೆ ಆ ಹೊತ್ತಿಗೆ ಯಂತ್ರ ಅವರದು, ತೆಗೆದರೆ ಮುಂದಿನವರದು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ, ಅದಕ್ಕೆ ಬೇರೆ ಕಾರಣಗಳಿದ್ದವು. ಆದರೆ ಮಾಹಿತಿಯೂ ಯಂತ್ರವೂ ಬೇರೆ ಬೇರೆ, ಬೆಲೆ ಇರುವುದು ಮಾಹಿತಿಗೆ ಎಂಬ ಅದರ ತತ್ವ ಸೋತಿಲ್ಲ. ಇಂದು ಅದೇ ಕೆಲಸವನ್ನು ನಮ್ಮ ಗೂಗಲ್, ಮೈಕ್ರೊಸಾಫ್ಟ್ ಅಥವಾ ಆ್ಯಪಲ್ ಖಾತೆ ಮಾಡುತ್ತಿದೆ. ವ್ಯತ್ಯಾಸವೆಂದರೆ ಸಿಂಪ್ಯೂಟರ್ ಬಳಸುವವನಿಗೆ ತನ್ನ ಮಾಹಿತಿ ಎಲ್ಲಿದೆ ಎಂಬುದು ಕೈಯಲ್ಲಿದ್ದ ಕಾರ್ಡಿನಿಂದಲೇ ತಿಳಿಯುತ್ತಿತ್ತು. ನಮಗೆ ತಿಳಿಯುತ್ತಿಲ್ಲ.

ನೆಲೆ ಒಂದೇ ಇರಬೇಕು ಎನ್ನುವುದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಒಂದೇ ಫೈಲು ಎರಡು ಯಂತ್ರಗಳಲ್ಲಿದೆ ಎನ್ನಿ. ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ ಎರಡು ಕಡೆಯೂ ತಿದ್ದಿದ್ದಾಯಿತು. ಸಂಪರ್ಕ ಮರಳಿದಾಗ ಯಾವುದನ್ನು ಸರಿ ಎನ್ನಬೇಕು? ಕಂಪ್ಯೂಟರ್ ವಿಜ್ಞಾನಿಗಳು ದಶಕಗಳ ಕಾಲ ಇದರ ಹಿಂದೆ ಬಿದ್ದಿದ್ದಾರೆ. 1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ಎಂಬಿಬ್ಬರು ಒಂದು ದಾರಿ ತೋರಿಸಿದರು: ಫೈಲನ್ನೇ ಕಳಿಸುವ ಬದಲು ಒಂದೊಂದು ತಿದ್ದುಪಡಿಯನ್ನೂ ಕಳಿಸಿ, ಇನ್ನೊಬ್ಬರ ತಿದ್ದುಪಡಿಗೆ ತಕ್ಕಂತೆ ಅದರ ಜಾಗವನ್ನು ಸರಿಹೊಂದಿಸುವುದು. ಗೂಗಲ್ ಡಾಕ್ಸ್‌ನಲ್ಲಿ ನಾಲ್ವರು ಒಮ್ಮೆಗೇ ಬರೆದರೂ ಕಲಸಿಹೋಗದಿರುವುದು ಈ ಬಗೆಯ ಲೆಕ್ಕಾಚಾರದಿಂದ. ಆದರೆ ಸಾಮಾನ್ಯ ವರ್ಡ್ ಫೈಲು, ಎಕ್ಸೆಲ್ ಹಾಳೆ, ಫೋಟೊ ಇವುಗಳನ್ನು ಬರಿಯ ಫೈಲಾಗಿ ಅಲ್ಲಿಂದಿಲ್ಲಿಗೆ ಸಾಗಿಸಿದಾಗ ಈ ಜಾಣತನ ಜೊತೆಗೆ ಬರುವುದಿಲ್ಲ. ಡ್ರಾಪ್‌ಬಾಕ್ಸ್‌ನಂಥ ಸೇವೆ ಇಂಥ ಕಡೆ ಯಾವುದನ್ನೂ ಅಳಿಸದೆ, ಎರಡನ್ನೂ ಉಳಿಸಿ ಒಂದರ ಹೆಸರಿನಲ್ಲಿ ಘರ್ಷಣೆಯಾಗಿದೆ ಎಂದು ಗುರುತು ಹಾಕಿ ಕೈಬಿಡುತ್ತದೆ. ಉಳಿದ ತೀರ್ಮಾನ ನಮ್ಮದು. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ ಕಳಿಸಿಕೊಂಡ ಫೈಲಿಗೆ ಅಷ್ಟು ಗುರುತೂ ಇರುವುದಿಲ್ಲ. ಕಳಿಸಿದಾಗಲೆಲ್ಲ ಹೊಸ ಪ್ರತಿ. ಹಳೆಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಫೋಟೊವನ್ನು ಡಾಕ್ಯುಮೆಂಟ್ ಎಂದು ಕಳಿಸದೆ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಪರದೆಯಲ್ಲಿ ಚೆನ್ನಾಗಿ ಕಂಡ ಚಿತ್ರ ಆಮಂತ್ರಣ ಪತ್ರಿಕೆಯಲ್ಲಿ ಮಸುಕಾಗಿ ಅಚ್ಚಾಗುವುದಕ್ಕೆ ಇದು ಒಂದು ದೊಡ್ಡ ಕಾರಣ. ಡಿಟಿಪಿ ಅಂಗಡಿಯವರನ್ನು ಕೇಳಿದರೆ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಸಿಂಕ್ ಆಗುವುದನ್ನೇ ಬ್ಯಾಕಪ್ ಎಂದು ಬಹಳ ಜನ ತಿಳಿದಿದ್ದಾರೆ. ಸಿಂಕ್ ಎಂದರೆ ಒಂದು ಕಡೆ ಆದದ್ದು ಎಲ್ಲ ಕಡೆ ಆಗುವುದು, ಅಳಿಸಿದ್ದು ಕೂಡ. ಫೋನಿನಲ್ಲಿ ಜಾಗ ಸಾಲದೆಂದು ಗೂಗಲ್ ಫೋಟೋಸ್‌ನಲ್ಲಿ ಮದುವೆಯ ಚಿತ್ರಗಳನ್ನು ಡಿಲೀಟ್ ಮಾಡುವವರು, ಕ್ಲೌಡ್‌ನಲ್ಲಿ ಹೇಗೂ ಇದೆಯಲ್ಲ ಎಂದುಕೊಂಡಿರುತ್ತಾರೆ. ಇರುವುದಿಲ್ಲ. ಫೋನಿನ ಪ್ರತಿಯನ್ನಷ್ಟೇ ತೆಗೆಯಲು ಆ ಆ್ಯಪ್‌ನಲ್ಲಿ ಬೇರೆಯೇ ಆಯ್ಕೆ ಇದೆ. ಡಿಲೀಟ್ ಒತ್ತಿದರೆ ಟ್ಯಾಬಿನಿಂದಲೂ ಲ್ಯಾಪ್‌ಟಾಪಿನಿಂದಲೂ ಖಾತೆಯಿಂದಲೂ ಹೋಗುತ್ತದೆ, ಬ್ಯಾಕಪ್ ಆಗಿದ್ದ ಚಿತ್ರ ಕಸದ ಬುಟ್ಟಿಯಲ್ಲಿ ಅರವತ್ತು ದಿನ ಇದ್ದು ಆಮೇಲೆ ಅಲ್ಲೂ ಇರುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಮೂವತ್ತೇ ದಿನ. ಮೂರು ಪರದೆಗಳಲ್ಲಿ ಕಾಣುತ್ತಿದ್ದ ಚಿತ್ರ ಮೂರು ಪ್ರತಿಯಾಗಿರಲಿಲ್ಲ, ಒಂದೇ ಪ್ರತಿಯಾಗಿತ್ತು. ಆದ್ದರಿಂದ ಒಂದೇ ನೆಲೆ ಎಂಬ ನನ್ನ ಮಾತಿಗೆ ಒಂದು ಷರತ್ತು ಸೇರಬೇಕು: ನೆಲೆಯ ಹೊರಗೆ, ಸಿಂಕ್‌ನ ಕೈಗೆ ಸಿಗದ ಒಂದು ಪ್ರತಿ ಇರಲೇಬೇಕು. ಒಂದು ಹೊರಗಿನ ಹಾರ್ಡ್ ಡಿಸ್ಕ್ ಕೊಂಡು, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಎಲ್ಲವನ್ನೂ ಇಳಿಸಿ, ತಂತಿ ಕಿತ್ತು ಬೀರುವಿನಲ್ಲಿಟ್ಟರೆ ಸಾಕು.

ಹಾಗಾದರೆ ಯಾವುದಕ್ಕೆ ಯಾವ ನೆಲೆ? ದುಡ್ಡಿನ ವ್ಯವಹಾರಕ್ಕೆ ಫೋನೇ ನೆಲೆ. ಅದನ್ನು ಬೇರೆ ಕಡೆಗೆ ಹರಡುವ ಆಸೆಯೇ ಬೇಡ. ಯುಪಿಐ ನಡೆಯುವುದು ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇರುವ ಫೋನಿನಿಂದ, ಅದು ಹಾಗೆ ಕಟ್ಟಿಹಾಕಿರುವುದೇ ನಮ್ಮ ರಕ್ಷಣೆಗೆ. ಅಂಕಪಟ್ಟಿ, ಆಧಾರ್, ವಾಹನದ ಆರ್‌ಸಿ ಮುಂತಾದವಕ್ಕೆ 2015ರಿಂದ ಇರುವ ಡಿಜಿಲಾಕರ್ ಒಳ್ಳೆಯ ನೆಲೆ. ಅಲ್ಲಿಗೆ ನೇರವಾಗಿ ಇಲಾಖೆಯಿಂದಲೇ ಬರುವ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯ ಮಾನ್ಯತೆ ಇದೆ, ಗ್ಯಾಲರಿಯಲ್ಲಿರುವ ಫೋಟೊಕ್ಕೆ ಇಲ್ಲ. ಚಿತ್ರಗಳಿಗೆ ಒಂದು ಖಾತೆ. ಬರೆದದ್ದು, ಲೆಕ್ಕ ಇಟ್ಟದ್ದು, ಅರ್ಜಿ ತುಂಬಿದ್ದು ಇವಕ್ಕೆ ಒಂದು ಫೋಲ್ಡರು; ಅದು ಲ್ಯಾಪ್‌ಟಾಪಿನಲ್ಲಿ ಇದ್ದು ಕ್ಲೌಡ್‌ಗೆ ಸಿಂಕ್ ಆಗುತ್ತಿದ್ದರೆ ಫೋನಿನಲ್ಲೂ ಟ್ಯಾಬಿನಲ್ಲೂ ಅದನ್ನೇ ತೆರೆಯಬಹುದು. ಟ್ಯಾಬಿಗೆ ಯಾವುದರ ನೆಲೆಯೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ವೈಸರ್ ಹೇಳಿದಂತೆ ಅದು ಯಾರು ಬೇಕಾದರೂ ಎತ್ತಿಕೊಳ್ಳುವ ಪರದೆಯಾಗಿರಲಿ. ಮಕ್ಕಳ ಕೈಯಿಂದ ಬಿದ್ದು ಒಡೆದರೆ ಗಾಜು ಮಾತ್ರ ಹೋಗಬೇಕು.

ಕೆಲಸವನ್ನು ಹಂಚುವಾಗಲೂ ಸಾಧನದ ಮೈಕಟ್ಟನ್ನು ನೋಡಬೇಕು. 2010ರ ಜನವರಿಯಲ್ಲಿ ಐಪ್ಯಾಡ್ ತೋರಿಸುವಾಗ ಸ್ಟೀವ್ ಜಾಬ್ಸ್ ಎತ್ತಿದ್ದ ಪ್ರಶ್ನೆ ನ್ಯಾಯವಾದದ್ದು: ಫೋನಿಗಿಂತಲೂ ಲ್ಯಾಪ್‌ಟಾಪಿಗಿಂತಲೂ ಕೆಲವು ಕೆಲಸಗಳನ್ನು ಸ್ಪಷ್ಟವಾಗಿ ಚೆನ್ನಾಗಿ ಮಾಡದಿದ್ದರೆ ನಡುವಿನ ಸಾಧನಕ್ಕೆ ಇರುವ ಹಕ್ಕಿಲ್ಲ. ಟೈಪಿಂಗ್ ಅಂಥ ಕೆಲಸವಲ್ಲ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು ಸಂಗಡಿಗರೊಂದಿಗೆ 2018 ಮತ್ತು 2019ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ, ಕೀಬೋರ್ಡಿನಲ್ಲಿ ಇಂಗ್ಲಿಷ್ ಟೈಪ್ ಮಾಡಿದ 1,68,000 ಮಂದಿಯ ಸರಾಸರಿ ವೇಗ ನಿಮಿಷಕ್ಕೆ ಸುಮಾರು 52 ಪದ, ಫೋನಿನಲ್ಲಿ ಮಾಡಿದ 37,000 ಮಂದಿಯದು ಸುಮಾರು 36. ಅಂತರ ನಾವು ಊಹಿಸುವಷ್ಟು ದೊಡ್ಡದಲ್ಲ. ಆದರೆ ಬರವಣಿಗೆ ಎಂದರೆ ಟೈಪಿಂಗ್ ಮಾತ್ರವಲ್ಲವಲ್ಲ: ಮೇಲಿನ ಪ್ಯಾರಾವನ್ನು ಕೆಳಗೆ ತರಬೇಕು, ಪಕ್ಕದಲ್ಲಿ ಇನ್ನೊಂದು ಕಾಗದ ತೆರೆದಿರಬೇಕು, ಹತ್ತು ಸಾಲು ಒಟ್ಟಿಗೆ ಕಣ್ಣಿಗೆ ಬೀಳಬೇಕು. ಅದಕ್ಕೆ ದೊಡ್ಡ ಪರದೆ ಬೇಕು. ಓದಿಗೆ ಟ್ಯಾಬು ಒಳ್ಳೆಯದು, ಪಿಡಿಎಫ್ ಪುಟ ಇಡಿಯಾಗಿ ಕಾಣುತ್ತದೆ, ಪೆನ್ನಿದ್ದರೆ ಕರಡು ತಿದ್ದಬಹುದು. ಹಾಗೆಂದು ಎಲ್ಲ ಓದನ್ನೂ ಪರದೆಗೆ ಒಪ್ಪಿಸುವುದೂ ಸರಿಯಲ್ಲ. 2018ರಲ್ಲಿ ಸ್ಪೇನಿನ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಮಾಹಿತಿ ಪಠ್ಯವನ್ನು ಸಮಯದ ಒತ್ತಡದಲ್ಲಿ ಓದುವವರಿಗೆ ಕಾಗದವೇ ಹೆಚ್ಚು ಅರ್ಥ ಮಾಡಿಸುತ್ತದೆ ಎಂದು ಕಂಡಿತ್ತು. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು. ಫೋನಿನದು ಸೆರೆಹಿಡಿಯುವ ಕೆಲಸ: ಫೋಟೊ, ಧ್ವನಿ, ಥಟ್ಟನೆ ಹೊಳೆದ ಒಂದು ಸಾಲು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ, ಇದರ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕು. ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಅಚ್ಚುಕೂಟಗಳಲ್ಲಿ ದಶಕಗಳ ಕಾಲ ಕನ್ನಡವನ್ನು ಟೈಪ್ ಮಾಡಿದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಅವುಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದ ರೂಪ ಕೊಡುವುದು ಫಾಂಟು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಸುತ್ತೋಲೆ. ಅದೇ ಫೈಲನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕಿದರೆ ಸಿಗುವುದಿಲ್ಲ, ಗಟ್ಟಿಯಾಗಿ ಓದಿಸಲು ಬರುವುದಿಲ್ಲ, ಟ್ಯಾಬಿನಲ್ಲಿ ತಿದ್ದಲು ಆಗುವುದಿಲ್ಲ. ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದರೂ ಸಾವಿರಾರು ಶಾಲಾ ವರದಿಗಳು, ಪಂಚಾಯಿತಿ ನಡಾವಳಿಗಳು, ಪುಸ್ತಕದ ಹಸ್ತಪ್ರತಿಗಳು ಇನ್ನೂ ಹಳೆಯ ಸಂಕೇತದಲ್ಲೇ ಇವೆ. ಅಂಥ ಫೈಲು ಯಾವ ಕ್ಲೌಡ್‌ಗೆ ಹೋದರೂ ಒಂದೇ ಕಂಪ್ಯೂಟರಿಗೆ ಕಟ್ಟಿಬಿದ್ದಿರುತ್ತದೆ. ಅದಕ್ಕೆ ಬಾಗಿಲು ಒಂದೇ. ಆದ್ದರಿಂದ ಕನ್ನಡಿಗರ ಮಟ್ಟಿಗೆ ಮೂರು ಸಾಧನಗಳನ್ನು ಹೊಂದಿಸುವ ಮೊದಲ ಕೆಲಸ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ನುಡಿ ಮತ್ತು ಬರಹಗಳ ಜೊತೆಯಲ್ಲೇ ಪರಿವರ್ತಕಗಳು ಸಿಗುತ್ತವೆ; ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ತಪ್ಪಾಗಿದೆಯೇ ಎಂದು ಒಮ್ಮೆ ಕಣ್ಣಾಡಿಸಬೇಕು.

ಇದು ಆದಮೇಲೆ ಸಿಗುವ ಅನುಕೂಲವನ್ನು ನೋಡಿ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ಐಫೋನಿನಲ್ಲೇ ಕನ್ನಡ ಕೀಲಿಮಣೆ ಬಂದದ್ದೂ ಆ ವರ್ಷವೇ. ಹಾಗಾಗಿ ವರದಿಗಾರರೊಬ್ಬರು ಊರಿನ ಸಭೆ ಮುಗಿದ ತಕ್ಷಣ ಫೋನಿಗೆ ಮಾತಿನಲ್ಲೇ ಟಿಪ್ಪಣಿ ಹೇಳಿ, ಬಸ್ಸಿನಲ್ಲಿ ಟ್ಯಾಬಿನಲ್ಲಿ ಅದನ್ನು ಓದಿ, ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಬರಹವಾಗಿ ಕಟ್ಟಬಹುದು. ಕೀಲಿಮಣೆ ಬೇರೆ ಬೇರೆಯಾದರೂ ಒಳಗಿನ ಅಕ್ಷರ ಒಂದೇ. ನೆಲೆ ಒಂದು, ಬಾಗಿಲು ಮೂರು ಎಂಬುದು ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಇಲ್ಲಿ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲವನ್ನೂ ಒಂದೇ ಕಂಪನಿಯದು ಕೊಂಡರೆ ಈ ತಲೆನೋವೇ ಇಲ್ಲವಲ್ಲ ಎಂಬುದು ಮೊದಲನೆಯದು. ಅದರಲ್ಲಿ ಸತ್ಯವಿದೆ. ಆ್ಯಪಲ್ 2014ರಲ್ಲಿ ತಂದ ವ್ಯವಸ್ಥೆಯಿಂದ ಐಫೋನಿನಲ್ಲಿ ಅರ್ಧ ಬರೆದ ಇಮೇಲನ್ನು ಮ್ಯಾಕ್‌ನಲ್ಲಿ ಮುಂದುವರಿಸಬಹುದು, 2016ರಿಂದ ಒಂದರಲ್ಲಿ ಕಾಪಿ ಮಾಡಿದ್ದನ್ನು ಇನ್ನೊಂದರಲ್ಲಿ ಪೇಸ್ಟ್ ಮಾಡಬಹುದು. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಮ್ಮಲ್ಲಿ ನೂರು ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್. ಲ್ಯಾಪ್‌ಟಾಪುಗಳು ಬಹುತೇಕ ವಿಂಡೋಸ್. ಟ್ಯಾಬು ಇನ್ನಾವುದೋ ಕಂಪನಿಯದು. ಮನೆಯ ಸಾಧನಗಳು ಒಟ್ಟಿಗೆ ಬರುವುದಿಲ್ಲ, ಒಟ್ಟಿಗೆ ಹಳತಾಗುವುದೂ ಇಲ್ಲ. ಬೆರಕೆ ಮನೆಗೂ ಸಲಕರಣೆಗಳಿವೆ: ವಿಂಡೋಸ್‌ನ ಫೋನ್ ಲಿಂಕ್ ಇದೆ, ಯಾರ ಸರ್ವರನ್ನೂ ಮುಟ್ಟದೆ ಮನೆಯ ವೈಫೈ ಮೇಲೆಯೇ ಫೋನನ್ನೂ ಕಂಪ್ಯೂಟರನ್ನೂ ಬೆಸೆಯುವ ಕೆಡಿಇ ಕನೆಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಅದಕ್ಕಿಂತ ಮುಖ್ಯವಾಗಿ, ಒಂದೇ ಕಂಪನಿಯ ಬೇಲಿಯೊಳಗೆ ಎಲ್ಲ ಸರಾಗವಾಗಿ ನಡೆಯುವಾಗ ನಮ್ಮ ಮಾಹಿತಿ ಎಲ್ಲಿದೆ ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗುತ್ತದೆ. ಸೇವೆಗಳು ನಿಲ್ಲುತ್ತವೆ. ಗೂಗಲ್ ರೀಡರ್ 2013ರಲ್ಲಿ ನಿಂತಿತು, ಗೂಗಲ್ ಪ್ಲಸ್ 2019ರಲ್ಲಿ. ಉಚಿತ ಎಂದದ್ದು ಉಚಿತವಾಗಿ ಉಳಿಯುವುದಿಲ್ಲ: ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿಯಿತು. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಗೂಗಲ್ ಖಾತೆಯ ಉಚಿತ 15 ಜಿಬಿಯ ಲೆಕ್ಕಕ್ಕೆ ಸೇರಿತು. ಆ 15 ಜಿಬಿ ತುಂಬಿದರೆ ಜಿಮೇಲ್‌ಗೆ ಹೊಸ ಪತ್ರ ಬರುವುದು ನಿಲ್ಲುತ್ತದೆ. ಫೋನಿನಲ್ಲಿ ಗುಂಪುಗಳಿಂದ ಬಂದು ಸೇರಿದ ವಿಡಿಯೊಗಳ ಕಾರಣಕ್ಕೆ ಲ್ಯಾಪ್‌ಟಾಪಿನಲ್ಲಿ ಕಾಯುತ್ತಿರುವ ಸಂದರ್ಶನದ ಪತ್ರ ಬಾರದೆ ಹೋಗಬಹುದು. ನೆಲೆ ಯಾವುದು, ಅದರಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಗೊತ್ತಿದ್ದವರು ಮಾತ್ರ ಇದನ್ನು ತಪ್ಪಿಸಬಲ್ಲರು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಮೂರು ಸಾಧನಗಳ ಮಾತು ಉಳ್ಳವರ ಮಾತಲ್ಲವೇ? ಖಂಡಿತ ಹೌದು. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗ್ಗೆ ಅಸರ್ 2023ರ ಸಮೀಕ್ಷೆ ಕಂಡಂತೆ ನೂರರಲ್ಲಿ ತೊಂಬತ್ತರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ; ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಇರುವುದು ಒಂಬತ್ತು ಮಂದಿಯ ಮನೆಯಲ್ಲಿ. ಆದರೆ ಒಂದೇ ನೆಲೆ ಎಂಬ ನಿಯಮ ಹೆಚ್ಚು ಬೇಕಾಗಿರುವುದು ಆ ತೊಂಬತ್ತೊಂದು ಮಂದಿಗೆ. ಮನೆಯಲ್ಲಿ ಒಂದೇ ಫೋನ್ ಇರುವ ಹುಡುಗಿ ಬೇರೆಯವರ ಸಾಧನಗಳನ್ನು ಬಳಸುತ್ತಲೇ ಇದ್ದಾಳೆ: ಕಾಲೇಜಿನ ಪ್ರಯೋಗಾಲಯದ ಕಂಪ್ಯೂಟರ್, ಪಂಚಾಯಿತಿ ಗ್ರಂಥಾಲಯದ್ದು, ಜೆರಾಕ್ಸ್ ಅಂಗಡಿಯದು. ಅವಳ ಕೆಲಸ ಅವಳ ಖಾತೆಯಲ್ಲಿದ್ದರೆ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದು ಅವಳ ಕಂಪ್ಯೂಟರೇ. ಪೆನ್‌ಡ್ರೈವಿನಲ್ಲಿ ವೈರಸ್ ಹೊತ್ತು ತಿರುಗಬೇಕಿಲ್ಲ, ಅಂಗಡಿಯವರ ಕಂಪ್ಯೂಟರಿನಲ್ಲಿ ತನ್ನ ಆಧಾರ್ ಪ್ರತಿ ಬಿಟ್ಟುಬರಬೇಕಿಲ್ಲ. ಆದರೆ ಅವಳಿಗೆ ಇನ್ನೊಂದು ಪಾಠವೂ ಬೇಕು: ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗುವುದು, ಎದ್ದು ಬರುವ ಮುಂಚೆ ಲಾಗೌಟ್ ಆಗುವುದು, ಡೌನ್‌ಲೋಡ್ ಆದದ್ದನ್ನು ಅಳಿಸುವುದು. ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ಎಂದು ಕಲಿಸುವುದರಲ್ಲಿ ಇದಕ್ಕೆ ಮೊದಲ ಜಾಗ ಸಿಗಬೇಕಿತ್ತು. ಇಂಥ ಪಾಠಕ್ಕೆ ಹೊಸ ಯಂತ್ರ ಕೊಳ್ಳುವ ಅಗತ್ಯವೂ ಇಲ್ಲ.

ಎಲ್ಲವನ್ನೂ ಹೊರದೇಶದ ಕಂಪನಿಗಳ ಸರ್ವರಿನಲ್ಲಿಡುವುದು ಕ್ಷೇಮವೇ ಎನ್ನುವವರಿಗೆ ನನ್ನ ಉತ್ತರ: ಎಲ್ಲವನ್ನೂ ಇಡಬೇಡಿ. ನೆಲೆ ಎಂದರೆ ಕ್ಲೌಡ್ ಎಂದೇ ಅರ್ಥವಲ್ಲ. ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶ ನಡುವೆ ಯಾವ ಕಂಪನಿಯ ಸಂಗ್ರಹವೂ ಇಲ್ಲದೆ ನಿಮ್ಮ ಫೋನನ್ನೂ ಲ್ಯಾಪ್‌ಟಾಪನ್ನೂ ನೇರವಾಗಿ ಸಮ ಮಾಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ನೆಟ್‌ವರ್ಕ್ ಹೋಗುವ ಊರಿನವರಿಗೆ ಮನೆಯೊಳಗೇ ನೆಲೆ ಇರುವುದು ಹೆಚ್ಚು ಉಪಯೋಗ. ವೈದ್ಯಕೀಯ ವರದಿ, ಆಸ್ತಿಪತ್ರ, ಮಕ್ಕಳ ಚಿತ್ರ ಇಂಥವನ್ನು ಲ್ಯಾಪ್‌ಟಾಪಿನಲ್ಲೂ ಬೀರುವಿನ ಡಿಸ್ಕಿನಲ್ಲೂ ಇಟ್ಟು ಅಷ್ಟಕ್ಕೇ ನಿಲ್ಲಿಸಿದರೂ ಒಂದೇ ನೆಲೆಯ ನಿಯಮ ಮುರಿಯುವುದಿಲ್ಲ.

ಜೋಡಣೆ ಅತಿಯಾದಾಗ ಆಗುವ ನಷ್ಟಕ್ಕೂ ಲೆಕ್ಕವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಜನರು ಪರದೆಯ ಮುಂದೆ ಹೇಗೆ ಕೆಲಸ ಮಾಡುತ್ತಾರೆ ಎಂದು ಸುಮಾರು ಎರಡು ದಶಕ ಅಳೆದವರು. 2004ರ ಹೊತ್ತಿಗೆ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದ ಗಮನ ಈಚೆಗೆ 47 ಸೆಕೆಂಡಿಗೆ ಇಳಿದಿದೆ ಎಂದು ಅವರು ಹೇಳುತ್ತಾರೆ. ಒಂದೇ ಕರೆ ಮೂರು ಕಡೆ ರಿಂಗಾಗುವ, ಒಂದೇ ಸಂದೇಶ ಮೂರು ಪರದೆಯಲ್ಲಿ ಮಿನುಗುವ ಮನೆಯಲ್ಲಿ ಈ ಅಂಕಿ ಮೇಲೇರುವ ಸಾಧ್ಯತೆ ಇಲ್ಲ. ಮಾಹಿತಿಗೆ ಒಂದೇ ನೆಲೆ ಬೇಕಾದಂತೆ ಸದ್ದಿಗೂ ಒಂದೇ ನೆಲೆ ಬೇಕು. ಕರೆ, ಸಂದೇಶ, ಸುದ್ದಿ ಫೋನಿಗೆ ಬರಲಿ. ಲ್ಯಾಪ್‌ಟಾಪಿನಲ್ಲಿ, ಟ್ಯಾಬಿನಲ್ಲಿ ನೋಟಿಫಿಕೇಶನ್ ಪೂರ್ತಿ ಬಂದ್ ಆಗಿರಲಿ. ಆಗ ಟ್ಯಾಬಿನಲ್ಲಿ ಓದುವ ಮಗು ಓದುತ್ತಲೇ ಇರಬಹುದು, ಫೋನನ್ನು ಬೇರೆ ಕೋಣೆಯಲ್ಲಿಟ್ಟರೆ ಇಡೀ ಮನೆಗೆ ಒಂದು ಗಂಟೆ ನಿಶ್ಶಬ್ದ ಸಿಗುತ್ತದೆ. ಎಲ್ಲ ಕಡೆ ಎಲ್ಲವೂ ಇದ್ದರೆ ಹೀಗೆ ದೂರ ಇಡುವುದಕ್ಕೆ ಯಾವ ಸಾಧನವೂ ಉಳಿಯುವುದಿಲ್ಲ.

ಫೋನಿಗೆ ಇಷ್ಟು ಅಧಿಕಾರ ಕೊಟ್ಟಮೇಲೆ ಅದು ಕಳೆದುಹೋದರೆ? ಒಟಿಪಿ ಬರುವುದು ಅಲ್ಲಿಗೆ, ಆದ್ದರಿಂದ ಮನೆಯಲ್ಲಿರುವ ಲ್ಯಾಪ್‌ಟಾಪಿನಿಂದಲೂ ನಮ್ಮ ಖಾತೆಗೆ ನಾವೇ ಹೋಗಲಾರದ ಸ್ಥಿತಿ ಬರಬಹುದು. ವಾಟ್ಸ್‌ಆ್ಯಪ್‌ಗೆ ನಾಲ್ಕು ಸಾಧನಗಳನ್ನು ಜೋಡಿಸಬಹುದಾದರೂ ಮೂಲ ಫೋನು ಹದಿನಾಲ್ಕು ದಿನ ಬಳಕೆಯಲ್ಲಿಲ್ಲದಿದ್ದರೆ ಉಳಿದವು ಕಳಚಿಕೊಳ್ಳುತ್ತವೆ. ಇದಕ್ಕೆ ಮುಂಚೆಯೇ ಮಾಡಿಡಬೇಕಾದ ಕೆಲಸವಿದೆ. ಎರಡು ಹಂತದ ಭದ್ರತೆ ಇರುವ ಗೂಗಲ್ ಖಾತೆ ಎಂಟಂಕಿಯ ಹತ್ತು ಬ್ಯಾಕಪ್ ಸಂಕೇತಗಳನ್ನು ಕೊಡುತ್ತದೆ. ಅವನ್ನು ಫೋನಿನಲ್ಲಿ ಅಲ್ಲ, ಕಾಗದದಲ್ಲಿ ಬರೆದು ಪಾಸ್‌ಬುಕ್ಕಿನ ಜೊತೆ ಇಡಬೇಕು. ಫೋನಿನ ಐಎಂಇಐ ಸಂಖ್ಯೆಯನ್ನೂ ಅಲ್ಲೇ ಬರೆದಿಟ್ಟರೆ, ಕಳೆದ ದಿನ ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. ಸಿಮ್ ಬ್ಲಾಕ್ ಮಾಡಿಸಿ ಅದೇ ನಂಬರಿನ ಹೊಸ ಸಿಮ್ ಪಡೆಯುವುದು ಅದಕ್ಕೂ ಮೊದಲಿನ ಕೆಲಸ.

ಕೊನೆಗೊಂದು ವಿಷಯ, ನಮ್ಮ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದಿರುವುದು. ಎಲ್ಲವೂ ಒಬ್ಬರ ಖಾತೆಯಲ್ಲಿದ್ದು ಅವರು ತೀರಿಕೊಂಡರೆ, ಮನೆಯವರ ಎದುರು ಮೂರು ಸಾಧನಗಳು ಬೀಗ ಹಾಕಿಕೊಂಡು ಕೂರುತ್ತವೆ. ವಿಮೆಯ ಕಂತಿನ ರಸೀದಿ, ಸಾಲದ ಲೆಕ್ಕ, ಮೊಮ್ಮಕ್ಕಳ ಚಿತ್ರ ಎಲ್ಲವೂ ಅದರೊಳಗೆ. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಜಾರಿಗೆ ತಂದಿದೆ. ಅದೇ ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬ ವ್ಯವಸ್ಥೆ 2013ರಿಂದಲೂ ಇದೆ: ಖಾತೆ ಮೂರು, ಆರು, ಹನ್ನೆರಡು ಅಥವಾ ಹದಿನೆಂಟು ತಿಂಗಳು ಸುಮ್ಮನಿದ್ದರೆ, ನಾವು ಹೆಸರಿಸಿದ ಹತ್ತು ಮಂದಿಯವರೆಗೆ ಸುದ್ದಿ ಕಳಿಸಿ, ನಾವು ಒಪ್ಪಿದಷ್ಟನ್ನು ಅವರಿಗೆ ಇಳಿಸಿಕೊಳ್ಳಲು ಬಿಡುತ್ತದೆ. ಆ್ಯಪಲ್ 2021ರಲ್ಲಿ ಇಂಥದೇ ಏರ್ಪಾಡು ತಂದಿತು. ಅಲ್ಲಿ ವಾರಸುದಾರರ ಹೆಸರು ಸೇರಿಸಿದಾಗ ಒಂದು ಕೀಲಿ ಸಿಗುತ್ತದೆ, ಮರಣ ಪ್ರಮಾಣಪತ್ರದೊಂದಿಗೆ ಅದನ್ನು ಕೊಡಬೇಕು. ಬ್ಯಾಂಕ್ ಖಾತೆಗೆ ನಾಮಿನಿ ಬರೆಸುವಷ್ಟೇ ಸಮಯ ಹಿಡಿಯುವ ಕೆಲಸ ಇದು. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಮಾಡಿಕೊಡುವಾಗ ಅವರ ಪಕ್ಕದಲ್ಲೇ ಕೂತು, ಯಾರ ಹೆಸರು, ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ಅವರನ್ನೇ ಕೇಳಿ ಬರೆಸಬೇಕು.